ಡೆನ್ಸಿಟಿ 21.5: ಒಂಟಿ ಫ್ಲೂಟಿಗೆ ಬರೆದ ನಾಲ್ಕು ನಿಮಿಷದ ಈ ಕೃತೀನ ಹೇಗೆ ಕೇಳೋದು, ಹೇಗೆ ನುಡಿಸೋದು?

ಬೆಳ್ಳಿಕೊಳಲು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ವೆಸ್ಟರ್ನ್ ಫ್ಲೂಟ್ ಕಲೀತಾ ಇದೀನಿ. ಚಿಕ್ಕವಳಿದ್ದಾಗ ಬಿದಿರು ಕೊಳಲು ಐದು ವರ್ಷ ಕಲ್ತಿದ್ದೆ, ಸರಳೆ ಜಂಟಿಯಿಂದ ಶುರು ಮಾಡಿ ವರ್ಣದವರೆಗೆ ಬಂದು ನಿಂತೋಯ್ತು. ಈಗ ಮೂರು ತಿಂಗಳಿಂದ ಒಂದೇ ಒಂದು ಕೃತಿ ಹಿಡ್ಕೊಂಡು ಕೂತಿದೀನಿ, ಎಡ್ಗಾರ್ ವರೇಝ್ ಅನ್ನೋ ಪಾಶ್ಚಾತ್ಯ ಸಂಗೀತಕಾರ 1936ರಲ್ಲಿ ಬರೆದ ಡೆನ್ಸಿಟಿ 21.5. ಪಿಯಾನೋ ಇಲ್ಲ, ಶ್ರುತಿ ಇಲ್ಲ, ತಾಳ ಹಾಕೋರಿಲ್ಲ, ಒಂದೇ ಫ್ಲೂಟು, ಒಟ್ಟು 61 ಬಾರು (ಸ್ವರಲಿಪೀಲಿ ಗೆರೆ ಹಾಕಿ ಭಾಗ ಮಾಡಿದ ಮನೆಗಳು), ಹೆಚ್ಚುಕಮ್ಮಿ ನಾಲ್ಕು ನಿಮಿಷ ಅಷ್ಟೇ.

ಮೊದಲ ಸಲ ಕೇಳಿದಾಗ ನಂಗೆ ಏನೂ ಹಿಡೀಲಿಲ್ಲ. ಎರಡನೇ ಸಲ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೇಳ್ದೆ, ಎಲ್ಲಿಂದಲೋ ಒಂದು ಕಬ್ಬಿಣದ ಕಂಬಿ ಮೇಲಕ್ಕೆ ಏಳ್ತಾ ಇದೆ ಅನ್ನೋ ಹಾಗೆ ಅನ್ನಿಸ್ತು, ಅವತ್ತಿಂದ ಬಿಡೋಕೆ ಆಗ್ತಿಲ್ಲ. ಆದ್ರೆ ನಾನು ಅಭ್ಯಾಸ ಮಾಡ್ತಾ ಇರುವಾಗ ಅಮ್ಮ ಬಂದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, "ಇದು ಯಾವಾಗ ಶುರುವಾಗುತ್ತೆ ಪುಟ್ಟಿ?" ಅಂತ ಕೇಳಿದ್ರು. ಅಮ್ಮಂಗೆ ಸಂಗೀತ ಚೆನ್ನಾಗೇ ಗೊತ್ತು, ಅವರು ಆಡ್ಕೊಂಡು ಕೇಳಿದ್ದಲ್ಲ, ನಿಜವಾಗ್ಲೂ ಇದು ಶ್ರುತಿ ಸೇರಿಸ್ತಾ ಇರೋದು, ಆಮೇಲೆ ಹಾಡು ಬರುತ್ತೆ ಅಂದ್ಕೊಂಡಿದ್ರು. ನಂಗೆ ಉತ್ತರ ಕೊಡೋಕೆ ಆಗ್ಲಿಲ್ಲ. ಆ ಪ್ರಶ್ನೆ ತಲೇಲಿ ಕೂತುಬಿಟ್ಟಿದೆ.

ಇಲ್ಲಿ ಕೊಳಲು ನುಡಿಸೋರು, ಹಿಂದೂಸ್ತಾನಿ ಕೇಳೋರು, ವೆಸ್ಟರ್ನ್ ಗೊತ್ತಿರೋರು ಎಲ್ಲಾ ಇದೀರ. ಈ ಕೃತಿ ಒಳಗೆ ಏನು ನಡೀತಿದೆ, ನಮ್ಮ ಕಿವಿ ಇಟ್ಕೊಂಡು ಇದರೊಳಗೆ ಹೋಗೋ ದಾರಿ ಯಾವುದು? ಇನ್ನೊಂದು ಪ್ರಾಕ್ಟಿಕಲ್ ಸಮಸ್ಯೆ, 24ನೇ ಬಾರಿನಿಂದ ಕೀ (ಫ್ಲೂಟಿನ ತೂತು ಮುಚ್ಚೋ ಮುಚ್ಚಳ) ತಟ್ಟಿ ಸದ್ದು ಮಾಡೋ ಭಾಗ ಇದೆಯಲ್ಲ, ನಂದು ರೂಮಲ್ಲಿ ಕೇಳುತ್ತೆ, ಸ್ವಲ್ಪ ದೊಡ್ಡ ಜಾಗಕ್ಕೆ ಹೋದ್ರೆ ಏನೂ ಕೇಳಲ್ಲ.

ಮೂರ್ತಿಮೇಷ್ಟ್ರು

ಸಂಗೀತದ ವಿಷಯ ಬಲ್ಲವರು ಹೇಳಲಿ, ನಾನು ರಸಾಯನಶಾಸ್ತ್ರ ಪಾಠ ಮಾಡಿ ರಿಟೈರ್ ಆದವನು, ಹೆಸರಿನ ಬಗ್ಗೆ ಮಾತ್ರ ಹೇಳ್ತೇನೆ. 21.5 ಅಂದರೆ ಪ್ಲಾಟಿನಂ ಲೋಹದ ಸಾಂದ್ರತೆ. ಒಂದು ಘನ ಸೆಂಟಿಮೀಟರ್ ನೀರು 1 ಗ್ರಾಂ ತೂಗಿದರೆ ಅಷ್ಟೇ ಗಾತ್ರದ ಪ್ಲಾಟಿನಂ ಸುಮಾರು 21.45 ಗ್ರಾಂ ತೂಗುತ್ತೆ, ಅದನ್ನ ರೌಂಡ್ ಮಾಡಿ 21.5 ಅಂದಿದ್ದಾರೆ. ಬೆಳ್ಳಿ 10.5, ಚಿನ್ನ 19.3. ಅಂದರೆ ನೀವು ಕೈಯಲ್ಲಿ ಹಿಡಿಯೋ ಬೆಳ್ಳಿ ಫ್ಲೂಟನ್ನೇ ಅದೇ ಅಳತೆಗೆ, ಅದೇ ದಪ್ಪಕ್ಕೆ ಪ್ಲಾಟಿನಂನಲ್ಲಿ ಮಾಡಿಸಿದರೆ ತೂಕ ಎರಡು ಪಟ್ಟಿಗೂ ಜಾಸ್ತಿ ಆಗುತ್ತೆ.

ಒಂದು ಪ್ರಶ್ನೆ ನಂದೂ ಇದೆ. ಲೋಹ ಬದಲಾದರೆ ಕೊಳಲಿನ ನಾದ ಬದಲಾಗುತ್ತಾ? ಕಂಪಿಸೋದು ಒಳಗಿನ ಗಾಳಿ ತಾನೇ, ಗೋಡೆ ಅಲ್ಲವಲ್ಲ.

ಬಾಸ್ಟನ್ ಕನ್ನಡತಿ

ಮೇಷ್ಟ್ರೇ ನಮಸ್ಕಾರ, ನೀವು ಕೇಳಿರೋದು ಫ್ಲೂಟ್‌ನವರು ನೂರು ವರ್ಷದಿಂದ ಕಿತ್ತಾಡ್ತಿರೋ ಪ್ರಶ್ನೆ. ನಾನಿರೋ ಬಾಸ್ಟನ್ ಊರಿಗೂ ಇದಕ್ಕೂ ನೇರ ಸಂಬಂಧ ಇದೆ. ಈ ಕೃತಿಗೆ ಆ ಹೆಸರು ಬರೋಕೆ ಕಾರಣವಾದ ಪ್ಲಾಟಿನಂ ಫ್ಲೂಟು ಮಾಡಿದ್ದು ಇಲ್ಲಿನ ಹೇಯ್ನ್ಸ್ ಕಂಪನಿ, 1935ರಲ್ಲಿ, ಜಾರ್ಜ್ ಬಾರೇರ್ ಅನ್ನೋ ಫ್ರೆಂಚ್ ವಾದಕರಿಗೆ. ಹೊಸ ವಾದ್ಯ ಬಂತು, ಅದನ್ನ ಜನರ ಮುಂದೆ ಮೊದಲು ನುಡಿಸೋಕೆ ಒಂದು ಹೊಸ ಕೃತಿ ಬೇಕು ಅಂತ ಅವರು ವರೇಝ್‌ನ ಕೇಳಿದ್ರು. ಜನವರಿ 1936ರಲ್ಲಿ ಬರೆದದ್ದು, ಫೆಬ್ರವರಿ 16ಕ್ಕೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿಯೂ ಆಯ್ತು. ಹತ್ತು ವರ್ಷ ಆದ್ಮೇಲೆ 1946ರಲ್ಲಿ ವರೇಝ್ ಮತ್ತೆ ತಿದ್ದಿದ್ರು, ನಾವೀಗ ನುಡಿಸೋದು ಆ ತಿದ್ದಿದ್ದನ್ನೇ.

ಲೋಹದ ಪ್ರಶ್ನೆಗೆ. 1971ರಲ್ಲಿ ಜಾನ್ ಕೋಲ್ಟ್‌ಮನ್ ಅನ್ನೋ ವಿಜ್ಞಾನಿ ಬೆಳ್ಳಿ, ತಾಮ್ರ, ಮರ ಈ ಮೂರರಲ್ಲಿ ಒಂದೇ ಅಳತೆಯ ಕೊಳವೆ ಮಾಡಿ, ಊದೋ ತಲೆಭಾಗ ಮಾತ್ರ ಒಂದೇ ಥರದ್ದು ಇಟ್ಟು ಪರೀಕ್ಷೆ ಮಾಡಿದ್ರು. ಕೇಳೋರಿಗೆ ಗುರುತು ಹಿಡಿಯೋಕೆ ಆಗ್ಲಿಲ್ಲ, ಯಾವುದು ಅಂತ ಗೊತ್ತಾಗದ ಹಾಗೆ ಕೊಟ್ಟಾಗ ನುಡಿಸೋರಿಗೂ ಆಗ್ಲಿಲ್ಲ. 2001ರಲ್ಲಿ ವಿಯೆನ್ನಾದವರು ಒಂದೇ ಮಾಡೆಲ್ಲಿನ ಏಳು ಫ್ಲೂಟು, ಬೆಳ್ಳಿ ಲೇಪದಿಂದ ಹಿಡಿದು 24 ಕ್ಯಾರಟ್ ಚಿನ್ನ, ಅಪ್ಪಟ ಪ್ಲಾಟಿನಂವರೆಗೆ, ಏಳು ಜನ ವೃತ್ತಿ ವಾದಕರ ಕೈಗೆ ಕೊಟ್ಟು ಅಳೆದ್ರು, ಅಲ್ಲೂ ಅದೇ ಕಥೆ, ಲೋಹದಿಂದ ಬರೋ ವ್ಯತ್ಯಾಸಕ್ಕಿಂತ ಒಬ್ಬ ವಾದಕನಿಂದ ಇನ್ನೊಬ್ಬನಿಗೆ ಇರೋ ವ್ಯತ್ಯಾಸ ಎಷ್ಟೋ ಜಾಸ್ತಿ. ಆದ್ದರಿಂದ ಬೆಳ್ಳಿಕೊಳಲು ಅವರೇ, ಪ್ಲಾಟಿನಂ ಇಲ್ಲ ಅಂತ ಕೊರಗೋದು ಬೇಡ.

ಬಾರೇರ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 1894ರ ಡಿಸೆಂಬರ್ 22ರಂದು ಪ್ಯಾರಿಸ್ಸಲ್ಲಿ ಡೆಬುಸಿ ಅನ್ನೋ ಫ್ರೆಂಚ್ ಸಂಗೀತಕಾರರ 'ಫಾನ್' ಪ್ರೆಲ್ಯೂಡ್ ಅನ್ನೋ ವಾದ್ಯವೃಂದದ ಕೃತಿ ಮೊದಲ ಸಲ ನುಡಿಸಿದಾಗ ಶುರುವಿನ ಆ ಒಂಟಿ ಫ್ಲೂಟಿನ ಸೋಲೋ ಊದಿದ್ದು ಇದೇ ಬಾರೇರ್, ಆಗ ಅವರಿಗೆ ಬರೀ 18 ವರ್ಷ. ಆ ಸೋಲೋ ಸಿ ಶಾರ್ಪಿನಿಂದ ಹೊರಟು ಮೆಲ್ಲಗೆ ಜಾರಿ ಕೆಳಗಿನ ಜಿ ಸ್ವರಕ್ಕೆ ಬಂದು ಮತ್ತೆ ಮೇಲೆ ಹೋಗುತ್ತೆ. ಈಗ ಡೆನ್ಸಿಟಿಯ ಎರಡನೇ ಬಾರ್ ನೋಡಿ. ಸಿ ಶಾರ್ಪು, ಜಿ. ಅದೇ ಎರಡು ಸ್ವರ! ಡೆಬುಸಿ ನಡುವಿನ ಹೆಚ್ಚುಕಮ್ಮಿ ಎಲ್ಲಾ ಮೆಟ್ಟಿಲೂ ಮುಟ್ಕೊಂಡು ಇಳಿದದ್ದನ್ನ ವರೇಝ್ ಒಂದೇ ಜಿಗಿತದಲ್ಲಿ, ಅದೂ ಕೆಳಗಿಂದ ಮೇಲಕ್ಕೆ, ಎಸೆದುಬಿಟ್ಟಿದಾರೆ. ಬೇಕಂತಲೇ ಮಾಡಿದ್ರೋ ಇಲ್ವೋ, ನಂಗಂತೂ ನುಡಿಸುವಾಗ ಬಾರೇರ್ ಅವರ 42 ವರ್ಷದ ದಾರಿ ಆ ಜಿಗಿತದಲ್ಲಿ ಕಾಣುತ್ತೆ. ಮತ್ತೆ ಆ ಡಿಸೆಂಬರ್ 22 ಇದೆಯಲ್ಲ, ಅವತ್ತು ವರೇಝ್‌ಗೆ ಸರಿಯಾಗಿ 11 ವರ್ಷ ತುಂಬಿದ ದಿನ. ಹುಟ್ಟಿದ್ದು 1883, ಡಿಸೆಂಬರ್ 22.

ಧಾರವಾಡದಾಂವ

ನಾ ಇವತ್ತ ಈ ಚರ್ಚಾ ನೋಡಿದ ಮ್ಯಾಲೆ ಮೊದಲನೇ ಸಲ ಕೇಳಿದೆ, ಸತತ ಆರು ಸಲ ಕೇಳಿದೆ. ಒಂದು ವಿಷಯ ಹೇಳ್ತೀನಿ, ತಪ್ಪಿದ್ರ ತಿದ್ದ್ರಿ.

ಶುರುವಾತಿನ ಸ್ವರ ಯಾವು ಅಂತ ಹಾರ್ಮೋನಿಯಂ ಹಿಡಕೊಂಡು ಕೂತೆ. ಎಫ್, ಇ, ಎಫ್ ಶಾರ್ಪ್, ಆಮ್ಯಾಲೆ ಸಿ ಶಾರ್ಪ್. ಸಿ ಅನ್ನೋದನ್ನ ಸಾ ಅಂತ ಹಿಡದ್ರ ಏನಾತು? ಶುದ್ಧ ಮಧ್ಯಮ, ಶುದ್ಧ ಗಂಧಾರ, ತೀವ್ರ ಮಧ್ಯಮ, ಕೋಮಲ ರಿಷಭ. ಎರಡೂ ಮಧ್ಯಮ ಒಂದರ ಪಕ್ಕಕ್ಕ ಒಂದು, ಗಂಧಾರ ನಡಕ, ಕೋಮಲ ರಿಷಭ. ಅಲ್ರೀ, ಇದು ಲಲತ್ ರಾಗ ಅಲ್ಲೇನು? ನಸುಕಿನ ನಾಕೂವರಿಗೆ ಎದ್ದು ರೇಡಿಯೋ ಹಚ್ಚಿದಂಗ ಆತು ನನಗ. ಮೈ ಝುಂ ಅಂತು. ಅಷ್ಟರಾಗ ಐದನೇ ಸ್ವರ ಬಂತು, ಜಿ. ಅಂದ್ರ ಪಂಚಮ! ಲಲತ್‌ದಾಗ ಪಂಚಮ ಹಚ್ಚೂದೇ ಇಲ್ಲ. ನಾಕು ಸ್ವರ ಕೊಟ್ಟು ಒಂದು ಮನಿ ಕಟ್ಟಿ ಕೂಡಿಸಿ, ಐದನೇದಕ್ಕ ಬಾಗಲಾ ಒಡದು ಹೊರಗ ಒಗದಂಗ ಆತು. ಕೂತ ಜಾಗಾದಿಂದ ಎದ್ದೇ ಬಿಟ್ಟೆ ನಾ.

ವರೇಝ್ ಸಾಹೇಬ್ರು ಲಲತ್ ಕೇಳಿ ಬರದಾರ ಅಂತ ನಾ ಅನ್ನೂದಿಲ್ಲ. ಆದ್ರ ನನ್ನ ಕಿವಿಗೆ ಇದು ಸಿಕ್ಕ ಬಾಗಲಾ.

ವೇಣು ಮೈಸೂರು

ಧಾರವಾಡದವರೇ, ಚೆನ್ನಾಗಿ ಹಿಡಿದಿದೀರಿ, ಆದರೆ ನಂಗೆ ಒಂದು ತಕರಾರಿದೆ. ನಾನು ಕರ್ನಾಟಕ ಶೈಲಿ ಕೊಳಲು ನುಡಿಸೋನು, ಇಪ್ಪತ್ತು ವರ್ಷ ಆಯ್ತು. ನಮ್ಮಲ್ಲಂತೂ ಒಂದು ಮೇಳಕರ್ತ ರಾಗದಲ್ಲಿ ಒಂದೇ ಮಧ್ಯಮ, 36 ಶುದ್ಧ, 36 ಪ್ರತಿ (ನೀವು ತೀವ್ರ ಅನ್ನೋದು), ಮುಗೀತು. ನಿಮ್ಮ ಮಾತು ಓದಿ ಸಿ ಶ್ರುತಿಗೆ ತಂಬೂರಿ ಆಪ್ ಹಾಕಿ ಮೇಲೆ ಈ ಕೃತಿ ಪ್ಲೇ ಮಾಡಿದೆ. ಹತ್ತು ಸೆಕೆಂಡು ಕೂರುತ್ತೆ, ಆಮೇಲೆ ತಂಬೂರಿ ಒಂದು ಕಡೆ, ಫ್ಲೂಟು ಒಂದು ಕಡೆ. ಎಫ್ ಶಾರ್ಪಿಗೆ ಶ್ರುತಿ ಹಾಕಿ ನೋಡಿದೆ, ಜಿ ಗೆ ಹಾಕಿದೆ, ಸಿ ಶಾರ್ಪಿಗೆ ಹಾಕಿದೆ. ಯಾವುದಕ್ಕೆ ಹಾಕಿದ್ರೂ ಸ್ವಲ್ಪ ಹೊತ್ತು ಜೊತೆಗೆ ಬಂದು ಕೈ ಬಿಡಿಸಿಕೊಂಡು ಹೋಗುತ್ತೆ. ಇದಕ್ಕೆ ಆಧಾರ ಷಡ್ಜ ಅನ್ನೋದೇ ಇಲ್ಲ. ಷಡ್ಜ ಇಲ್ಲದೆ ಗಾಂಧಾರ ಮಧ್ಯಮ ಅಂತ ಹೆಸರಿಟ್ಟರೆ ಅದು ಹೆಸರು ಮಾತ್ರ, ಆ ಸ್ವರಕ್ಕೆ ಗಾಂಧಾರದ ಗುಣ ಬರೋದು ಸ ಜೊತೆ ಇದ್ದಾಗ ತಾನೇ.

ಅಮ್ಮ "ಯಾವಾಗ ಶುರುವಾಗುತ್ತೆ" ಅಂತ ಕೇಳಿದ್ದು ಅದಕ್ಕೇ ಅನ್ಸುತ್ತೆ. ನಮ್ಮ ಕಿವಿ ಸ ಗೆ ಕಾಯುತ್ತೆ, ಸ ಸಿಕ್ಕಿದ ಮೇಲೆ ಕಚೇರಿ ಶುರು. ಇಲ್ಲಿ ಅದು ಬರೋದೇ ಇಲ್ಲ.

ಬೆಳ್ಳಿಕೊಳಲು

ವೇಣು ಸರ್, ಹೌದು!! ಇದೇ. ಸಿ ಶಾರ್ಪಿಂದ ಜಿ ಗೆ ಆರು ಅರ್ಧಸ್ವರ, ಸ್ಥಾಯಿಯನ್ನ ಸರಿಯಾಗಿ ಎರಡು ಹೋಳು ಮಾಡಿದ ಜಾಗ, ಆ ಕಡೆಯೂ ವಾಲಲ್ಲ ಈ ಕಡೆಯೂ ವಾಲಲ್ಲ. ಅದನ್ನೇ ಎರಡನೇ ಬಾರಲ್ಲಿ ಇಟ್ಟು ಯಾವ ಮನೆಯೂ ಕಟ್ಟದ ಹಾಗೆ ಮಾಡಿದಾರೆ.

ಆದ್ರೆ ಧಾರವಾಡದ ಸರ್ ಹೇಳಿದ್ದನ್ನ ನಾನು ಬಿಡೋಕೆ ತಯಾರಿಲ್ಲ. ಲಲತ್ ಅಲ್ಲದೇ ಇರಬಹುದು, ಆದ್ರೆ ನಾಲ್ಕು ಸ್ವರ ಒಟ್ಟಿಗೆ ಗುಂಪಾಗಿ ನಿಂತು ಐದನೇದು ಬಂದು ಅದನ್ನ ಒಡೆಯೋದು ಅಂದ್ರಲ್ಲ, ಅದು ಈ ಕೃತಿ ಉದ್ದಕ್ಕೂ ನಡೆಯೋ ಕೆಲಸ. ಮೊದಲ ಮೂರು ಸ್ವರ ಚಿಕ್ಕದು ಚಿಕ್ಕದು ಉದ್ದ, ಎಫ್ ಇ ಪಟ್ ಪಟ್ ಅಂತ, ಎಫ್ ಶಾರ್ಪ್ ನಿಂತ್ಕೊಳ್ಳುತ್ತೆ. ಮತ್ತೆ ಮತ್ತೆ ಅದೇ ಆಕಾರ ಬರುತ್ತೆ, ಪ್ರತಿ ಸಲ ಒಂಚೂರು ಮೇಲೆ ತಳ್ಳೋಕೆ ನೋಡುತ್ತೆ, ಒಂದು ಸ್ವರದ ಹತ್ರ ಸುತ್ತುತ್ತಾ ಇದ್ದು ಇನ್ನೇನು ಇದೇ ಮನೆ ಅನ್ನೋ ಅಷ್ಟರಲ್ಲಿ ಒಂದು ಜಿಗಿತ, ಬೇರೆ ಎತ್ತರದಲ್ಲಿ ಇನ್ನೊಂದು ಸ್ವರದ ಸುತ್ತ. ಹಾಗಾಗಿ ನಂಗೆ ಇದು ಸ್ವರಗಳ ಹಾಡಿಗಿಂತ ಎತ್ತರಗಳ ಕಥೆ ಥರ ಕಾಣುತ್ತೆ, ಮಂದ್ರ ಎಲ್ಲಿ, ತಾರ ಎಲ್ಲಿ, ಅವೆರಡರ ಮಧ್ಯೆ ಎಷ್ಟು ಜಾಗ ಇದೆ.

ಕಡಲತಡಿ

ನಾನು ಸಂಗೀತ ಕಲಿತವನಲ್ಲ ಮಾರಾಯ್ರೆ, ಯಕ್ಷಗಾನ ನೋಡಿ ಬೆಳೆದವ. ಎರಡು ಸಲ ಕೇಳಿದೆ. ಸತ್ಯ ಹೇಳ್ತೇನೆ, ನನಗೆ ಖುಷಿ ಆಗ್ಲಿಲ್ಲ. ಕೊಳಲು ಅಂದ್ರೆ ಮನಸ್ಸಿಗೆ ತಂಪು ಬೇಕು ಅಲ್ವಾ? ಇದು ಕೇಳಿದ್ರೆ ಎದೆಬಡಿತ ಜೋರಾಗ್ತದೆ. ಮೇಲಿನ ಸ್ವರ ಬಂದಾಗ ಕಿವಿಗೆ ಚುಚ್ಚಿದ ಹಾಗೆ. ಇಷ್ಟು ಒಳ್ಳೆ ವಾದ್ಯದಲ್ಲಿ ಯಾಕೆ ಹೀಗೆ ಮಾಡ್ಬೇಕು ಅಂತ ಕೇಳ್ತಿದ್ದೇನೆ, ಬೇಸರ ಮಾಡ್ಬೇಡಿ.

ಬಾಸ್ಟನ್ ಕನ್ನಡತಿ

ಕಡಲತಡಿ ಅವರೇ, ಬೇಸರ ಯಾಕೆ, ನಿಮ್ಮ ಪ್ರಶ್ನೆ ಸರಿಯಾಗೇ ಇದೆ. ಅದಕ್ಕೆ ವರೇಝ್ ಯಾರು ಅಂತ ಸ್ವಲ್ಪ ಗೊತ್ತಾಗಬೇಕು. ಹುಟ್ಟಿದ್ದು ಪ್ಯಾರಿಸ್, 1915ರ ಕೊನೆಗೆ ನ್ಯೂಯಾರ್ಕಿಗೆ ಬಂದು ಅಲ್ಲೇ ನೆಲೆಸಿ 1965ರಲ್ಲಿ ತೀರಿಕೊಂಡ್ರು. ಸಂಗೀತ ಅಂದ್ರೆ ಸಂಘಟಿತ ನಾದ ಅನ್ನೋದು ಅವರ ನಂಬಿಕೆ. ಸೈರನ್ ತಂದು ವಾದ್ಯವೃಂದದಲ್ಲಿ ಇಟ್ರು, 13 ಜನ ಬರೀ ತಾಳವಾದ್ಯದವರಿಗೆ ಅಂತ ಅಯೋನೈಸೇಷನ್ ಬರೆದ್ರು, ಅದು 1933ರಲ್ಲಿ ನ್ಯೂಯಾರ್ಕಲ್ಲಿ ಮೊದಲು ನುಡಿಸಿದ್ದು. ಅವರಿಗೆ ಬೇಕಾಗಿದ್ದು ವಿದ್ಯುತ್ತಿನಿಂದ ನಡೆಯೋ ಹೊಸ ವಾದ್ಯಗಳು, ಯಾವ ಸ್ವರದಿಂದ ಯಾವ ಸ್ವರಕ್ಕೆ ಬೇಕಾದ್ರೂ ಹೋಗೋ ನಾದ. ಆ ಸಂಶೋಧನೆಗೆ ದುಡ್ಡು ಕೇಳಿ ಅರ್ಜಿ ಹಾಕಿದ್ರೆ ಮೂವತ್ತರ ದಶಕದಲ್ಲಿ ಎಲ್ಲಾ ಕಡೆ ಇಲ್ಲ ಅಂದ್ರು. ಅಂಥ ಹೊತ್ತಲ್ಲಿ ಕೈಗೆ ಬಂದದ್ದು ಒಂದೇ ಒಂದು ಕೊಳವೆ, ಒಬ್ಬ ಮನುಷ್ಯನ ಉಸಿರು. ಆ ಕೊಳವೆಯಲ್ಲೇ ಅವರು ಆ ಇಡೀ ಆಸೆ ಇಟ್ಟಿದಾರೆ ಅಂತ ನಂಗನ್ಸುತ್ತೆ. ಇದಾದ್ಮೇಲೆ ಹೆಚ್ಚುಕಮ್ಮಿ ಹದಿನೈದು ವರ್ಷ ಅವರಿಂದ ದೊಡ್ಡ ಕೃತಿ ಯಾವುದೂ ಪೂರ್ತಿ ಆಗ್ಲಿಲ್ಲ. ಟೇಪ್ ರೆಕಾರ್ಡರ್ ಬಂದ ಮೇಲೆ, 1954ರಲ್ಲಿ, ವಾದ್ಯಗಳ ಜೊತೆ ಟೇಪು ಸೇರಿಸಿದ ಕೃತಿ ಪ್ಯಾರಿಸ್ಸಲ್ಲಿ ಹೊರಗೆ ಬಂತು. 1958ರಲ್ಲಿ ಬ್ರಸೆಲ್ಸ್ ಎಕ್ಸ್‌ಪೋದಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕಚೇರಿಯವರು ಕಟ್ಟಿದ ಫಿಲಿಪ್ಸ್ ಪೆವಿಲಿಯನ್‌ಗೆ ಪೂರಾ ಎಲೆಕ್ಟ್ರಾನಿಕ್ ಸಂಗೀತ ಮಾಡಿದ್ರು. ಬೇಕಾದ ವಾದ್ಯ ಸಿಕ್ಕಾಗ ವಯಸ್ಸು ಎಪ್ಪತ್ತು ದಾಟಿತ್ತು.

ಆ ಚುಚ್ಚೋ ಮೇಲಿನ ಸ್ವರ ಫ್ಲೂಟಿನ ಕೊನೇ ಮೆಟ್ಟಿಲುಗಳಲ್ಲಿ ಒಂದು, ನಾಲ್ಕನೇ ಸ್ಥಾಯಿಯ ಡಿ. ಅದನ್ನ ಮೆತ್ತಗೆ ಮಾಡಿ ನುಡಿಸಿದ್ರೆ ಕೃತಿ ಬಿದ್ದೋಗುತ್ತೆ.

ಕಡಲತಡಿ

ಇದು ಗೊತ್ತಿರ್ಲಿಲ್ಲ. ಯಕ್ಷಗಾನದಲ್ಲಿ ಭಾಗವತರು ಏರು ಶ್ರುತಿಯಲ್ಲಿ ಪದ ಎತ್ತಿದಾಗಲೂ ಹೊರಗಿನಿಂದ ಬಂದವರು ಕಿವಿ ಮುಚ್ಚಿಕೊಳ್ತಾರೆ, ನಮಗೆ ಅದೇ ಜೀವ. ಇನ್ನೊಮ್ಮೆ ಕೇಳ್ತೇನೆ, ಮೊಬೈಲ್ ಸ್ಪೀಕರಲ್ಲಿ ಅಲ್ಲ.

ವೇಣು ಮೈಸೂರು

ನುಡಿಸೋ ವಿಷಯಕ್ಕೆ ಬರ್ತೀನಿ. ಬೆಳ್ಳಿಕೊಳಲು ಅವರೇ, ನಿಮ್ಮ ರೆಕಾರ್ಡಿಂಗ್ ಇಲ್ಲದೇ ಹೇಳ್ತಿದೀನಿ, ಆದ್ರೂ ಬಿದಿರಿಂದ ಬಂದವರು ಅಂದಮೇಲೆ ಒಂದು ಅಭ್ಯಾಸ ನಿಮ್ಮ ಕೈಯಲ್ಲಿ ಖಂಡಿತ ಇರುತ್ತೆ. ಉದ್ದ ಸ್ವರ ಬಂದರೆ ಸಾಕು ನಮ್ಮ ಬೆರಳು ತಾನಾಗೇ ಅಲುಗಾಡುತ್ತೆ, ಕಂಪಿತ ಬಂದುಬಿಡುತ್ತೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರು ಹಾಕ್ತೀವಿ. ಕೊಳಲು ವಿದ್ವಾನ್ ಮಾಲಿ (ಟಿ.ಆರ್. ಮಹಾಲಿಂಗಂ) ಅವರ ನಂತರದ ಕೊಳಲು ಅಂದ್ರೆ ಹಾಡಿದ ಹಾಗೇ ಗಮಕ ಬರಬೇಕು, ಅದಕ್ಕೇ ನಾವು ಸಾಧನೆ ಮಾಡೋದು. ಇಲ್ಲಿ ಅದನ್ನ ಪೂರ್ತಿ ತೆಗೀಬೇಕು. ಎಫ್ ಶಾರ್ಪ್ ಅಂದ್ರೆ ಎಫ್ ಶಾರ್ಪ್, ಗೋಡೆಗೆ ಮೊಳೆ ಹೊಡೆದ ಹಾಗೆ. ಅಲ್ಲಾಡಬೇಕಾದ್ದು ಸ್ವರ ಅಲ್ಲ, ಅದರ ಬಲ. ಸ್ಕೋರಲ್ಲಿ ನೋಡಿ, ಒಂದೇ ಉದ್ದ ಸ್ವರದೊಳಗೆ ಮೆತ್ತಗಿಂದ ಜೋರಿಗೆ ಹೋಗೋ ಗುರುತು ಎಷ್ಟಿದೆ. ನಮ್ಮಲ್ಲಿ ಗಮಕ ಮಾಡೋ ಕೆಲಸವನ್ನ ಅಲ್ಲಿ ಆ ಏರಿಳಿತ ಮಾಡ್ತಿದೆ. ಮೂರು ದಿನದಿಂದ ಇದನ್ನೇ ಯೋಚ್ನೆ ಮಾಡ್ತಿದ್ದೆ, ಇವತ್ತು ಬೆಳಿಗ್ಗೆ ಸಾಧನೆಗೆ ಕೂತಾಗ ಸ್ಪಷ್ಟ ಆಯ್ತು.

ಕಷ್ಟ ಏನಂದ್ರೆ ಕೊಳಲಲ್ಲಿ ಜೋರಾಗಿ ಊದಿದ್ರೆ ಶ್ರುತಿ ಮೇಲೆ ಹೋಗುತ್ತೆ, ಮೆತ್ತಗೆ ಮಾಡಿದ್ರೆ ಕೆಳಗೆ ಬೀಳುತ್ತೆ, ಬಿದಿರಿರಲಿ ಬೆಳ್ಳಿಯಿರಲಿ. ಅರ್ಧಸ್ವರದ ಮೇಲೇ ನಿಂತಿರೋ ಕೃತೀಲಿ ಆ ಎಫ್ ಶಾರ್ಪ್ ಚೂರು ಏರಿದ್ರೂ ಮುಂದೆ ಬರೋ ಜಿ ಗೆ ಬೆಲೆ ಇರಲ್ಲ. ಟ್ಯೂನರ್ ಮುಂದೆ ಇಟ್ಕೊಂಡು ಒಂದೊಂದು ಉದ್ದ ಸ್ವರಾನೂ ಬೇರೆ ಬೇರೆ ಮಾಡಿ, ತುಟಿ ಮತ್ತು ಗಾಳಿಯ ಕೋನ ಬದಲಾಯಿಸ್ತಾ ಮುಳ್ಳು ಅಲ್ಲಾಡದ ಹಾಗೆ.

ಬಾಸ್ಟನ್ ಕನ್ನಡತಿ

ವೇಣು ಅವರೇ, ಇಲ್ಲಿ ವರ್ಷಗಟ್ಟಲೆ ಪಾಠ ಹೇಳಿಸ್ಕೊಂಡಿದೀನಿ, ಯಾರೂ ಇಷ್ಟು ನೇರವಾಗಿ ಹೇಳಿರ್ಲಿಲ್ಲ. ಅದಕ್ಕೆ ಕಾಲ ಪ್ರಮಾಣ ಸೇರಿಸ್ತೀನಿ. ವರೇಝ್ ಸ್ಕೋರ್ ಕೆಳಗೆ ಕಟ್ಟುನಿಟ್ಟಾಗಿ ಹೇಳಿದಾರೆ, ಯಾವಾಗಲೂ ತಾಳಕ್ಕೆ ಸರಿಯಾಗಿ, ಮೆಟ್ರೊನೋಮ್ ಗುರುತು ಪಾಲಿಸಿ ಅಂತ. ಶುರು ನಿಮಿಷಕ್ಕೆ 72 ಎಣಿಕೆ. ಒಂಟಿ ಫ್ಲೂಟು, ಉದ್ದ ಸ್ವರ, ಅಂದ ತಕ್ಷಣ ಆಲಾಪನೆ ಥರ ಮನಸ್ಸಿಗೆ ಬಂದ ಹಾಗೆ ಎಳೆಯೋಕೆ ಆಸೆ ಆಗುತ್ತೆ, ಬಹಳ ಜನ ಹಾಗೇ ನುಡಿಸ್ತಾರೆ. ಎಳೆದ್ರೆ ಒಳಗಿನ ಟೆನ್ಷನ್ ಎಲ್ಲಾ ಸೋರಿ ಹೋಗುತ್ತೆ.

ವೇಣು ಮೈಸೂರು

ಹಾಗಾದ್ರೆ ಮೆಟ್ರೊನೋಮ್ ಬಿಟ್ಟು ಕೈಯಲ್ಲಿ ತಾಳ ಹಾಕಿ ಬಾಯಲ್ಲಿ ಸ್ವರ ಹಾಡಿ ಮೊದಲು. ಎಣಿಕೆ ಮಧ್ಯೆ ಬಂದು ಮುಂದಿನ ಎಣಿಕೆ ದಾಟಿ ಎಳೆಯೋ ಸ್ವರಗಳು ತುಂಬಾ ಇವೆ, ಅಲ್ಲಲ್ಲಿ ತಕಿಟ ನಡೆ (ಒಂದು ಎಣಿಕೆಗೆ ಮೂರು) ಬರುತ್ತೆ. ಕೊಳಲಿಲ್ಲದೆ ಬಾಯಲ್ಲಿ ಬಂದ್ರೆ ಮಾತ್ರ ಕೊಳಲಲ್ಲಿ ಬರೋದು, ನಮ್ಮ ಕೊಳಲು ಗುರುಗಳು ಹಾಡಿಸದೆ ಕೊಳಲು ಮುಟ್ಟೋಕೆ ಬಿಡ್ತಿರಲಿಲ್ಲ.

ಬೆಳ್ಳಿಕೊಳಲು

ಇವತ್ತು ಅದೇ ಮಾಡಿದೆ. ಬಾಯಲ್ಲಿ ಹಾಡೋಕೆ ಒಂದು ಗಂಟೆ ಹಿಡೀತು ಬರೀ ಮೊದಲ ಎಂಟು ಬಾರಿಗೆ. ಸಿ ಶಾರ್ಪಿಂದ ಜಿ ಗೆ ಗಂಟಲಲ್ಲಿ ಜಿಗಿಯೋದು ಎಷ್ಟು ದೂರ ಅಂತ ಇವತ್ತೇ ಗೊತ್ತಾಗಿದ್ದು, ಕೀ ಒತ್ತಿದ್ರೆ ಬರೋ ಸ್ವರಕ್ಕೆ ದೂರ ಅನ್ನೋದು ಗೊತ್ತೇ ಆಗಲ್ಲ.

ನಂಗೆ ಪಾಠ ಹೇಳ್ತಿದ್ದ ಒಬ್ಬರು, ಹೆಸರು ಬೇಡ, ಹಿಂದೆ ಇದೇ ಕೃತಿ ನೋಡಿ "ಇದನ್ನ ನಮ್ಮೂರ ಜನರ ಮುಂದೆ ನುಡಿಸಿ ಏನು ಸಾಧಿಸ್ತೀಯಾ" ಅಂದಿದ್ರು. ಆವಾಗ ಸುಮ್ನೆ ಮುಚ್ಚಿಟ್ಟು ಬಿಟ್ಟಿದ್ದೆ, ಒಂದು ವರ್ಷ ತೆಗೀಲಿಲ್ಲ. ಇಲ್ಲಿ ನೋಡಿದ್ರೆ ಲಲತ್ತು, ತಕಿಟ, ಭಾಗವತರ ಏರು ಶ್ರುತಿ ಎಲ್ಲಾ ಇದರ ಜೊತೆ ಮಾತಾಡ್ತಾ ಇದೆ. ಆ ಒಂದು ವರ್ಷ ಹೋಯ್ತಲ್ಲ ಅಂತ ತುಂಬಾ ನೋವಾಯ್ತು.

ಕೀ ತಟ್ಟೋದರ ಬಗ್ಗೆ ಯಾರೂ ಹೇಳಲಿಲ್ಲ ಇನ್ನೂ.

ಬಾಸ್ಟನ್ ಕನ್ನಡತಿ

ಹೇಳ್ತೀನಿ. 24ರಿಂದ 28ನೇ ಬಾರುವರೆಗೆ ಸ್ವರದ ಮೇಲೆ ಪ್ಲಸ್ ಗುರುತು ಇರೋ ಕಡೆ ಮೆತ್ತಗೆ ಊದ್ತಾ ಅದೇ ಕ್ಷಣಕ್ಕೆ ಕೀ ಹೊಡೀಬೇಕು, ಟಕ್ ಅನ್ನೋ ಸದ್ದೂ ಸ್ವರಾನೂ ಒಟ್ಟಿಗೆ ಹುಟ್ಟಬೇಕು. ಫ್ಲೂಟ್ ಸ್ಕೋರಲ್ಲಿ ಹೀಗೆ ಬರೆದದ್ದು ಇದೇ ಮೊದಲು ಅಂತಲೇ ಎಲ್ಲರೂ ಲೆಕ್ಕ ಹಾಕ್ತಾರೆ. ತಾಳವಾದ್ಯಕ್ಕೇ ಒಂದು ಇಡೀ ಕೃತಿ ಬರೆದ ಮನುಷ್ಯ, ಫ್ಲೂಟಲ್ಲೂ ಒಂದು ಮೃದಂಗ ಹುಡುಕಿದ್ರು.

ಎಲ್ಲರೂ ಮಾಡೋ ತಪ್ಪು, ಟಕ್ ಕೇಳಲಿ ಅಂತ ಬೆರಳು ಜೋರು ಮಾಡೋದ್ರ ಜೊತೆ ಉಸಿರನ್ನೂ ಜೋರು ಮಾಡಿಬಿಡ್ತಾರೆ, ಸ್ವರ ಮೇಲೆದ್ದು ಟಕ್ ಮುಳುಗಿ ಹೋಗುತ್ತೆ. ಉಸಿರು ಆರಿಹೋಗೋ ದೀಪದಷ್ಟು ಇರಲಿ. ಬೆರಳು ಕೀ ಮೇಲಿಂದ ಸ್ವಲ್ಪ ಎತ್ತರಕ್ಕೆ ಎತ್ತಿ ಬಿಡಿ, ಒತ್ತಬೇಡಿ, ಬೀಳಲಿ. ಎಡಗೈ ಉಂಗುರ ಬೆರಳಿನ ಜಿ ಕೀ ಸದ್ದು ಚೆನ್ನಾಗಿ ಕೊಡುತ್ತೆ, ಆ ಸ್ವರಕ್ಕೆ ಹೇಗೂ ಮುಚ್ಚಿರೋ ಕೀಗಳಲ್ಲಿ ಅದೂ ಇದ್ರೆ ಅದನ್ನೇ ಬೀಳಿಸಿ. ತುಂಬಾ ಹೊತ್ತು ಇದನ್ನೇ ಅಭ್ಯಾಸ ಮಾಡ್ಬೇಡಿ, ಕೀ ಕೆಳಗಿನ ಪ್ಯಾಡ್ ಹಾಳಾಗುತ್ತೆ, ದಿನಕ್ಕೆ ಐದು ನಿಮಿಷ ಸಾಕು.

ಮತ್ತೆ ಹಾಲ್‌ನಲ್ಲಿ ಕೇಳಲ್ಲ ಅಂದ್ರಲ್ಲ, ಅದಕ್ಕೆ ಮದ್ದು ಅದರ ಹಿಂದಿನ ಬಾರುಗಳಲ್ಲಿದೆ. ಅಲ್ಲಿ ಜೋರು ನಿಜವಾಗ್ಲೂ ಜೋರಾಗಿದ್ದು ಅದು ನಿಂತ ತಕ್ಷಣ ಮೆತ್ತಗಾದ್ರೆ ಜನ ತಾವಾಗೇ ಕಿವಿ ಮುಂದೆ ತರ್ತಾರೆ. ಮೊದಲಿಂದ ಎಲ್ಲಾ ಸಾಧಾರಣ ಜೋರಲ್ಲೇ ಹೋಗಿದ್ರೆ ಟಕ್ ಯಾರಿಗೂ ಕೇಳಲ್ಲ.

ವೇಣು ಮೈಸೂರು

ಬಿದಿರಲ್ಲಿ ಕೀ ಇಲ್ಲ, ಆದ್ರೂ ಬೆರಳನ್ನ ತೂತಿನ ಮೇಲೆ ಪಟ್ಟನೆ ಬೀಳಿಸಿದ್ರೆ ತುಪ್ ಅಂತ ಒಂದು ಸದ್ದು, ಅದರ ಜೊತೆ ಸ್ವರದ ನೆರಳೂ ಬರುತ್ತೆ. ಈಗಷ್ಟೇ ಮಾಡಿ ನೋಡಿದೆ. ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ಅದನ್ನ ಸಂಗೀತ ಅಂತ ಕೇಳಿರಲಿಲ್ಲ.

ಮೂರ್ತಿಮೇಷ್ಟ್ರು

ಎರಡು ವಿಷಯ. ಒಂದು, ಸ್ಕೋರ್ ಬೇಕಾದವರಿಗೆ. ನಮ್ಮ ದೇಶದ ಕಾಪಿರೈಟ್ ಕಾನೂನಿನಲ್ಲಿ ಕರ್ತೃ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ. 1965ರಲ್ಲಿ ತೀರಿಕೊಂಡವರದ್ದು ಅಂದರೆ 2025ರ ಕೊನೆಗೆ ಮುಗೀತು. ಯುರೋಪಿನಲ್ಲಿ 70 ವರ್ಷ, ಅಲ್ಲಿರೋರು ದುಡ್ಡು ಕೊಟ್ಟೇ ತಗೋಬೇಕು.

ಎರಡು, ನಾನೂ ಕೇಳಿದೆ. ಸಾಂದ್ರತೆ ಅನ್ನೋ ಪದಕ್ಕೆ ನಾನು ನಲವತ್ತು ವರ್ಷ ಬೋರ್ಡ್ ಮೇಲೆ ಬರೆದ ಅರ್ಥ, ಇಷ್ಟು ಜಾಗದಲ್ಲಿ ಎಷ್ಟು ದ್ರವ್ಯ. ಈ ಕೃತಿಯಲ್ಲಿ ಸ್ವರ ಕಡಿಮೆ, ಮೌನ ಕಡಿಮೆ, ಜಾಗ ಬಹಳ. ಆದರೂ ಒಂದೊಂದು ಸ್ವರ ಕೈಯಲ್ಲಿ ಹಿಡಿದರೆ ಭಾರ ಅನ್ನಿಸುತ್ತೆ. ಹೆಸರು ಬರೀ ಲೋಹದ್ದು ಅಂತ ನಾನು ಮೊದಲು ಬರೆದಿದ್ದೆ, ಆ ಮಾತನ್ನ ಹಿಂದೆ ತಗೋತೇನೆ.

ಧಾರವಾಡದಾಂವ

ಮೇಷ್ಟ್ರ, ಭಾರ ಅಂದ್ರಲ್ಲ, ಭಾಳ ಛಂದ ಹೇಳಿದ್ರಿ. ನನಗ ಇಂಥಾವು ಇನ್ನ ಯಾವ ಕೇಳಬೇಕು ಹೇಳ್ರಿ ಯಾರರ, ಒಂಟಿ ಫ್ಲೂಟಿಗೆ ಬರದಿದ್ದು.

ಬಾಸ್ಟನ್ ಕನ್ನಡತಿ

ಸರ್, ಮೂರು ಸಾಕು ಸದ್ಯಕ್ಕೆ. ಡೆಬುಸಿಯ ಸಿರಿಂಕ್ಸ್, 1913, ಪರದೆ ಹಿಂದಿನಿಂದ ನುಡಿಸೋಕೆ ಅಂತ ನಾಟಕಕ್ಕೆ ಬರೆದದ್ದು, ಮೂರು ನಿಮಿಷ, ಇದು ಮೊದಲು ಕೇಳಿ. ಆಮೇಲೆ ಬೆರಿಯೊ ಬರೆದ ಸೆಕ್ವೆನ್ಸಾ ಒಂದು, 1958, ಗಾಝೆಲೋನಿ ಅನ್ನೋ ವಾದಕರಿಗೆ ಅಂತ, ಅದರಲ್ಲಿ ಸ್ವರಗಳ ಕಾಲವನ್ನ ಕಾಗದದ ಮೇಲಿನ ಅಂತರದಿಂದ ಲೆಕ್ಕ ಹಾಕ್ಬೇಕು, ಒಂದು ಕಡೆ ಎರಡು ಸ್ವರ ಒಟ್ಟಿಗೆ ಬರುತ್ತೆ ಒಂದೇ ಫ್ಲೂಟಿನಿಂದ. ಮೂರನೇದು ನಂಗೆ ಎಲ್ಲಕ್ಕಿಂತ ಇಷ್ಟ, ಜಪಾನಿನ ತಕೆಮಿತ್ಸು 1971ರಲ್ಲಿ ಬರೆದ ವಾಯ್ಸ್. ಅದರಲ್ಲಿ ನುಡಿಸೋರು ಊದೋ ತೂತಿನ ಮೇಲೆ ಬಾಯಿ ಇಟ್ಟೇ ಮಾತಾಡ್ತಾರೆ, ಯಾರಲ್ಲಿ, ಮಾತಾಡು ಅನ್ನೋ ಅರ್ಥದ ಸಾಲು, ಫ್ರೆಂಚಲ್ಲಿ, ಇಂಗ್ಲಿಷಲ್ಲಿ. ನಡುನಡುವೆ ಜಪಾನಿನ ನೋ ನಾಟಕದ ಕೊಳಲಿನ ಉಸಿರು ಕೇಳುತ್ತೆ. ಕಡಲತಡಿ ಅವರಿಗೆ ಇದು ಇಷ್ಟ ಆಗಬಹುದು, ರಂಗದ ಗಾಳಿ ಇದೆ ಅದರಲ್ಲಿ.

ಕಡಲತಡಿ

ಕೇಳಿದೆ, ಕತ್ತಲೆಯಲ್ಲಿ ಕೂತು. ತಕೆಮಿತ್ಸುದು ನೋಡಿ ಮೈ ನಡುಗಿತು, ಚೌಕಿಯಿಂದ ಬಣ್ಣದ ವೇಷ ಅಬ್ಬರ ಕೊಡುವ ಹಾಗೆ. ಆಮೇಲೆ ವರೇಝ್‌ದು ಮತ್ತೆ ಹಾಕಿದೆ. ಮೇಲಿನ ಸ್ವರ ಈಗಲೂ ಚುಚ್ತದೆ, ಆದ್ರೆ ಈ ಸಲ ಅದು ಬರುವುದಕ್ಕೆ ಮುಂಚೆಯೇ ಬೇಕು ಅನ್ನಿಸ್ತು.

ಬೆಳ್ಳಿಕೊಳಲು

ಮೂರು ವಾರ ಆಯ್ತು, ಅಪ್‌ಡೇಟ್ ಹಾಕೋಣ ಅಂತ. ವೇಣು ಸರ್ ಹೇಳಿದ ಹಾಗೆ ಪೂರ್ತಿ 61 ಬಾರೂ ಬಾಯಲ್ಲಿ ಹಾಡ್ತೀನಿ ಈಗ. ಉದ್ದ ಸ್ವರಗಳಲ್ಲಿ ಮುಳ್ಳು ಇನ್ನೂ ಅಲ್ಲಾಡುತ್ತೆ, ಆದ್ರೆ ಮೊದಲಿನಷ್ಟಿಲ್ಲ. ಕೀ ತಟ್ಟೋದು ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಹತ್ರ ನಿಂತು ಮಾಡ್ದೆ, ತಮ್ಮನ್ನ ಎರಡು ಮಹಡಿ ಕೆಳಗೆ ನಿಲ್ಲಿಸಿದ್ದೆ, ಕೇಳ್ತು ಅಂದ. ಮೇಲಿನ ಡಿ ಹತ್ತು ಸಲಕ್ಕೆ ನಾಲ್ಕು ಸಲ ಬರುತ್ತೆ.

ನಿನ್ನೆ ಅಮ್ಮನ್ನ ಎದುರಿಗೆ ಕೂರಿಸಿ, ಶ್ರುತಿ ಹುಡುಕಬೇಡ, ಸ ಬರಲ್ಲ, ಎತ್ತರ ಮಾತ್ರ ನೋಡು ಅಂತ ಹೇಳಿ ನುಡಿಸ್ದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ ಎದ್ದು ಒಳಗೆ ಹೋಗ್ತಾ ಮೊದಲ ಮೂರು ಸ್ವರ ಗುನುಗ್ತಾ ಇದ್ರು, ಮಾ ಗಾ ಮಾ ಅಂತ, ಎರಡನೇ ಮಾ ಸರಿಯಾಗಿ ಪ್ರತಿ ಮಧ್ಯಮದಲ್ಲಿ.

ಮುಂದಿನ ತಿಂಗಳು ಒಂದು ಚಿಕ್ಕ ಹಾಲಲ್ಲಿ ನುಡಿಸ್ತೀನಿ, ಮೂವತ್ತು ಜನ ಹಿಡಿಸೋ ಅಂಥದ್ದು. ಡಿ ಗೆ ಬೇರೆ ಫಿಂಗರಿಂಗ್ ಏನಾದ್ರೂ ಇದ್ರೆ ಬಾಸ್ಟನ್ ಅಕ್ಕ ದಯವಿಟ್ಟು ಹೇಳಿ, ಈಗ ಮಾಡ್ತಿರೋದರಲ್ಲಿ ಬಲಗೈ ಕಿರುಬೆರಳು ಸಿಕ್ಕಿಹಾಕ್ಕೊಳ್ತಾ ಇದೆ.

ಬಾಸ್ಟನ್ ಕನ್ನಡತಿ

ಇದೆ, ಬರೆದು ವಿವರಿಸೋದಕ್ಕಿಂತ ತೋರಿಸೋದೇ ಸರಿ. ಶನಿವಾರ ನಿಮ್ಮ ಟೈಮು ಸಂಜೆ ಏಳಕ್ಕೆ ವಿಡಿಯೋ ಕಾಲ್ ಮಾಡ್ತೀನಿ, ಫ್ಲೂಟ್ ಬೆಚ್ಚಗೆ ಮಾಡ್ಕೊಂಡು ಕೂತಿರಿ.